ಹೂಂಗುಟ್ಟಿದವರು ಯಾರು

ಆ ಶುಕ್ರವಾರ ನಮ್ಮ ದ್ವೀಪದ ಅಪಿಯಾ ಪೇಟೆಯಲ್ಲಿ ಕೆಸುವಿನ ಗಡ್ಡೆ ಮಾರಿ, ಸಕ್ಕರೆ, ಸೋಪು, ನಾಲ್ಕು ಡಬ್ಬಿ ಮೀನು ಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ. ಕೂರಲು ಜಾಗವಿರಲಿಲ್ಲ. ಜಾಗವಿಲ್ಲದಾಗ ಯಾರದಾದರೂ ತೊಡೆಯ ಮೇಲೆ ಕೂರುವುದು ನಮ್ಮ ಬಸ್ಸುಗಳ ರೂಢಿ. ಪಕ್ಕದ ಮನೆಯ ವಲೇನಿ ತನ್ನ ದೊಡ್ಡ ತೊಡೆ ತಟ್ಟಿ ಕರೆದಳು. ಡ್ರೈವರ್ ಹಾಡು ನಿಲ್ಲಿಸಿ 'ಮಬ್ಬು ದಾರಿ' ಹಾಕಿದ.

'ಮಬ್ಬು ದಾರಿ' ಕೇಳದವರು ನಮ್ಮೂರಲ್ಲಿ ಪಾದ್ರಿಯೊಬ್ಬರೇ; ಅವರೂ ಕೇಳುತ್ತಾರೆಂದು ಅವರ ಅಡುಗೆಯಾಕೆ ಹೇಳುತ್ತಾಳೆ. ಆಕ್ಲೆಂಡಿನಲ್ಲಿ ಕೂತ ನಮ್ಮವನೊಬ್ಬ ವಾರಕ್ಕೊಮ್ಮೆ ಫೋನಿಗೆ ಬಿಡುವ ದೆವ್ವದ ಕಥೆಗಳು ಅವು. ಖಾಲಿ ಆಸ್ಪತ್ರೆಯ ಲಿಫ್ಟು, ಸತ್ತವನ ನಂಬರಿನಿಂದ ಬರುವ ಮೆಸೇಜು, ಹೀಗೆ ಇಂಟರ್ನೆಟ್ಟಿನಲ್ಲಿ ಸಿಕ್ಕಿದವು ಮೊದಲು. ಆಮೇಲೆ ಕೇಳುಗರು ತಮ್ಮ ಊರಿನ ಕಥೆಯನ್ನು ತಾವೇ ಹೇಳಿ ಕಳಿಸಿದ ರೆಕಾರ್ಡಿಂಗು. ನನಗೆ ಎರಡನೆಯದೇ ಇಷ್ಟ. ಕಳೆ ಕೀಳುವಾಗ, ಬಟ್ಟೆ ಒಗೆಯುವಾಗ ಕಿವಿಗೆ ಸಿಕ್ಕಿಸಿಕೊಂಡೇ ಇರುತ್ತಿದ್ದೆ. ಅದೇ ನನಗೆ ಮುಳುವಾಯಿತು.

ಅಂದಿನ ಕಥೆಯನ್ನು ಯಾರೋ ಪಿಸುದನಿಯಲ್ಲಿ ಹೇಳುತ್ತಿದ್ದರು. ಪಿಸುದನಿಯಲ್ಲಿ ಗಂಡು, ಹೆಣ್ಣು, ಮುದುಕಿ, ಹುಡುಗಿ ಎಲ್ಲ ಒಂದೇ. ಒಂದು ಹಳ್ಳಿ, ಹಳ್ಳಿಯ ಹಿಂದೆ ಒಂದು ಕೊಳ, ಕೊಳದ ಬಂಡೆಯ ಮೇಲೆ ಮುಸ್ಸಂಜೆ ಕೂದಲು ಬಿಚ್ಚಿ ಕೂರುವ ಹೆಣ್ಣು. ಅವಳ ಹತ್ತಿರ ಬಾಚಣಿಗೆಯಿಲ್ಲ, ಬೆರಳಲ್ಲೇ ತಲೆ ಬಾಚಿಕೊಳ್ಳುತ್ತಾಳೆ.

"ಇವಳು ನಮ್ಮ ಕೊಳದವಳು ಕಣೇ" ಎಂದು ವಲೇನಿ ನನ್ನ ಸೊಂಟ ಹಿಂಡಿದಳು. ಬಸ್ಸಿನವರೆಲ್ಲ ನಕ್ಕರು. ನಮ್ಮೂರಿನ ದೆವ್ವ ಆಕ್ಲೆಂಡಿಗೆ ಹೋಗಿ ಬಂದಿತಲ್ಲ ಎಂಬ ಹೆಮ್ಮೆ.

ಪಿಸುದನಿ ಮುಂದುವರಿಯಿತು. ಅವಳು ದೆವ್ವವಲ್ಲ, ಅವಳೊಬ್ಬಳು ಹುಡುಗಿ. ಮದುವೆಯಿಲ್ಲದೆ ಬಸುರಾದಳೆಂದು ಅವಳ ಅಣ್ಣನೇ ಮನೆಯಿಂದ ಹೊರಗೆ ಹಾಕಿದ. ಮಳೆಗಾಲ. ಮೂರು ದಿನ ಕೊಳದ ಹತ್ತಿರ ಕೂತಿದ್ದಳು, ಯಾರೂ ಒಳಗೆ ಕರೆಯಲಿಲ್ಲ. ನಾಲ್ಕನೆಯ ದಿನ ಜ್ವರದಲ್ಲಿ ಸತ್ತಳು. ಕೊಳದ ದೆವ್ವ ಹಿಡಿಯಿತು ಎಂದರು ಮನೆಯವರು, ಊರು ನಂಬಿತು, ವರ್ಷ ಕಳೆದಂತೆ ಅವಳೇ ದೆವ್ವವಾದಳು. ಅವಳ ಆಮೆಚಿಪ್ಪಿನ ಬಾಚಣಿಗೆ ಇವತ್ತಿಗೂ ಆ ಮನೆಯ ಪೆಟ್ಟಿಗೆಯಲ್ಲಿದೆ.

ಬಸ್ಸಿನಲ್ಲಿ ನಗು ನಿಂತಿತು. ಹೆಸರು ಹೇಳದಿದ್ದರೇನು, ಐವತ್ತು ವರ್ಷದ ಹಿಂದೆ ಕೊಳದ ಹತ್ತಿರ ಸತ್ತವಳು ತೌಸಲಾ ಒಬ್ಬಳೇ. ಅವಳ ಅಣ್ಣ ತೀರಿಹೋದ ನನ್ನ ಮಾವ. ಅಕ್ಕತಂಗಿಯೆಂದರೆ ಗಂಡುಮಕ್ಕಳ ಕಣ್ಣಪಾಪೆ ಎನ್ನುತ್ತಾರೆ ನಮ್ಮಲ್ಲಿ. ಹೆಂಡತಿಯನ್ನು ಬಿಟ್ಟವನಿಗೂ ಊರಿನ ಸಭೆಯಲ್ಲಿ ಜಾಗ ಉಂಟು. ತಂಗಿಯನ್ನು ಹೊರಗೆ ಹಾಕಿದವನಿಗೆ ಮುಖವೇ ಇಲ್ಲ. ಆ ಮಾವನ ಹಿರಿತನದ ಪಟ್ಟವನ್ನು ಇನ್ನು ನಾಲ್ಕು ವಾರಕ್ಕೆ ನನ್ನ ಗಂಡ ಪೆನಿ ಹೊರುವವನಿದ್ದ.

"ಬಾಚಣಿಗೆ ಇದೆಯೇನೇ ನಿಮ್ಮನೇಲಿ?" ವಲೇನಿ ಮೆಲ್ಲಗೆ ಕೇಳಿದಳು.

ಇಲ್ಲ ಎಂದೆ. ಇತ್ತು. ಅತ್ತೆಯ ಪೆಟ್ಟಿಗೆಯ ತಳದಲ್ಲಿ, ನಾನೇ ಕಂಡಿದ್ದೆ.

ನಾನು ಮನೆ ಮುಟ್ಟುವ ಮೊದಲೇ ಕಥೆ ಮುಟ್ಟಿತ್ತು. ಅತ್ತೆ ಫೇತು ಚಾಪೆ ಹೆಣೆಯುವುದನ್ನು ಬಿಟ್ಟು ಕಂಬಕ್ಕೊರಗಿ ಕೂತಿದ್ದರು. ಅವರ ಪಕ್ಕ ನಾದಿನಿ ಲಗಿ ಶಾಲೆಯ ಮಕ್ಕಳ ಪುಸ್ತಕ ತಿದ್ದುತ್ತಿದ್ದಳು. ಪೆನಿಗಿಂತ ಆರು ವರ್ಷ ದೊಡ್ಡವಳು, ಮದುವೆಯಾಗದೆ ತಾಯಿಮನೆಯಲ್ಲೇ ಉಳಿದ ಟೀಚರು. ಎದುರಿಗೆ ಚಿಕ್ಕಮಾವ ಸೆಫುಲು. ಮಾವನ ತಮ್ಮ, ಮನೆತನದಲ್ಲಿ ಈಗ ಅವರ ಮಾತೇ ಮಾತು. ಪೆನಿ ದೂರದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ನಾನು ಚೀಲ ಇಳಿಸಿದೆ. ಯಾರೂ ಚೀಲದೊಳಗೆ ಏನಿದೆಯೆಂದು ನೋಡಲಿಲ್ಲ.

"ಬಾಚಣಿಗೆ ವಿಷ್ಯ ಗೊತ್ತಿರೋರು ನಾಲ್ಕೇ ಜನ" ಎಂದರು ಚಿಕ್ಕಮಾವ. "ನಾನು, ಅತ್ತಿಗೆ, ಅತ್ತಿಗೆ ಮಕ್ಕಳಿಬ್ರು."

"ನೇಸಾಗೂ ಗೊತ್ತು" ಎಂದರು ಅತ್ತೆ, ನನ್ನ ಕಡೆ ನೋಡದೆ. "ಹೋದ್ವರ್ಷ ಪೆಟ್ಟಿಗೆ ಬಿಸಿಲಿಗಿಟ್ಟಾಗ ಕೇಳಿದ್ಲು, ಹೇಳಿದ್ದೆ."

"ಹಾಗಾದ್ರೆ ಐದು ಜನ. ಮನೆಯೋರು ನಾಲ್ಕು."

"ಐದನೆಯೋಳು ನಾನು ಅಂತ ನೇರವಾಗೇ ಹೇಳಿ ಮಾವ" ಎಂದೆ.

"ನಾನು ಹೆಸ್ರು ಹೇಳಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕಮ್ಮ ಹೆಗಲು ಮುಟ್ಕೋತೀಯ?"

ಲಗಿಯ ಕೆಂಪು ಪೆನ್ನು ಒಂದೇ ಪುಟದ ಮೇಲೆ ನಿಂತಿತ್ತು. ನಾನು ಗಂಡನ ಹತ್ತಿರ ಹೋದೆ.

"ಪೆನಿ, ನಾನಲ್ಲ ಅಂತ ನೀನಾದ್ರೂ ಹೇಳು."

"ಈಗ ಬೇಡ. ತಣ್ಣಗಾಗ್ಲಿ."

"ತಣ್ಣಗಾದ್ಮೇಲೆ ಗಟ್ಟಿಯಾಗತ್ತೆ ಅದು."

ಅವನು ಇನ್ನೊಂದು ಕಾಯಿ ತೆಗೆದುಕೊಂಡ. ಅಂದು ಕೆಸುವಿನ ಎಲೆಗೆ ತೆಂಗಿನ ಹಾಲು ಹಾಕಿ ಬೇಯಿಸಿದ್ದೆ, ಎಲ್ಲರೂ ಉಂಡರು, ಉಪ್ಪು ಹೆಚ್ಚೋ ಕಡಿಮೆಯೋ ಒಬ್ಬರೂ ಹೇಳಲಿಲ್ಲ. ಉಪ್ಪಿನ ವಿಷಯದಲ್ಲಿ ನನ್ನನ್ನು ಬೈಯದೆ ಅತ್ತೆ ಉಂಡದ್ದು ನಾಲ್ಕು ವರ್ಷದಲ್ಲಿ ಅದೇ ಮೊದಲು.

ಸೊಸೆಯನ್ನು ಮನೆಯಿಂದ ಹೊರಗೆ ಹಾಕುವ ದಾರಿ ನಮ್ಮಲ್ಲಿ ಬೈಗುಳದಿಂದ ಶುರುವಾಗುವುದಿಲ್ಲ, ಕೆಲಸ ಕಿತ್ತುಕೊಳ್ಳುವುದರಿಂದ ಶುರುವಾಗುತ್ತದೆ. ಗಂಡನ ಮನೆಯಲ್ಲಿರುವ ಹೆಣ್ಣಿಗೆ ಅವಳ ಕೆಲಸವೇ ಅವಳ ಜಾಗ. ಮೊದಲ ಭಾನುವಾರ ಇಗರ್ಜಿ ಬಿಟ್ಟು ಬಂದ ಮೇಲೆ ಹಿರಿಯರಿಗೆ ಊಟದ ತಟ್ಟೆ ಒಯ್ಯಲು ಎದ್ದೆ. "ನೀನು ಕೂತ್ಕೋ, ಸುಸ್ತಾಗಿರ್ತೀಯ" ಎಂದರು ಅತ್ತೆ. ತಟ್ಟೆಯನ್ನು ವಲೇನಿಯ ಮಗಳು ಒಯ್ದಳು. ಎರಡನೆಯ ವಾರ ಅಡುಗೆ ಸಾಮಾನಿನ ಕಪಾಟಿನ ಬೀಗದ ಕೈ ಮೊಳೆಯಲ್ಲಿರಲಿಲ್ಲ, ಲಗಿಯ ಕೊರಳಲ್ಲಿತ್ತು. ನಾನು ಒಲೆಯ ಹತ್ತಿರ ಬಂದರೆ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ; ನಮ್ಮದು ಗೋಡೆಯೇ ಇಲ್ಲದ ಕಂಬದ ಮನೆ, ಹಾಗಾಗಿ ಆ ಕಿವಿಗಳೂ ನನ್ನವೇ ಆದವು.

ಚಿಕ್ಕಮಾವ ಬಂದು ನನ್ನ ಫೋನು ಕೇಳಿ, ತಿರುವಿ ನೋಡಿ ವಾಪಸು ಕೊಟ್ಟರು.

"ನಿನ್ನ ತಂಗಿ ಆಕ್ಲೆಂಡಲ್ಲಿದಾಳಲ್ವಾ?"

"ಇದಾಳೆ. ಕೋಳಿ ಫ್ಯಾಕ್ಟರೀಲಿ ಕೆಲಸ ಮಾಡ್ತಾಳೆ. ಅವಳಿಗೆ ಕೋಳಿ ಬಿಟ್ರೆ ಬೇರೆ ಕಥೆ ಗೊತ್ತಿಲ್ಲ."

"ಆ ದೆವ್ವದ ಕಾರ್ಯಕ್ರಮದೋನೂ ಆಕ್ಲೆಂಡಲ್ಲೇ ಇರೋದು."

"ನಮ್ಮ ಅರ್ಧ ಊರು ಆಕ್ಲೆಂಡಲ್ಲಿದೆ ಮಾವ. ನಿಮ್ಮ ಇಬ್ರು ಮಕ್ಕಳೂ ಅಲ್ಲೇ ಇದಾರೆ."

"ಬಾಯಿ ನೋಡು ಇವಳದು" ಎಂದು ಅವರು ಅತ್ತೆಯ ಕಡೆ ತಿರುಗಿದರು. "ಈ ಬಾಯಿ ಹೇಳಿರಲ್ಲ ಅಂತೀರಾ?"

ಅನುಮಾನ ಅಂಟುರೋಗ. ನನಗೂ ಅಂಟಿತು. ಅತ್ತೆಯನ್ನು ಅನುಮಾನಿಸಿದೆ, ಆದರೆ ಅವರು ಫೋನನ್ನು ತಲೆಕೆಳಗು ಹಿಡಿದು ಮಾತಾಡುವವರು. ಚಿಕ್ಕಮಾವನನ್ನೇ ಅನುಮಾನಿಸಿದೆ: ಪಟ್ಟ ತನ್ನ ಮಗನಿಗೆ ಬರಲಿ ಎಂಬ ಆಸೆ ಇರಬಾರದೇಕೆ? ಲಗಿಯ ಹತ್ತಿರ ಶಾಲೆಯ ಗಾಯನ ತಂಡದ ಹಾಡು ತುಂಬಿಕೊಳ್ಳುವ ಒಂದು ಪುಟ್ಟ ಯಂತ್ರ ಇತ್ತು. ಆ ಮಾತನ್ನು ಗಂಡನ ಮುಂದೆ ಎತ್ತಿದೆ. ಅವನು ಎಂದೂ ನನ್ನ ಮೇಲೆ ದನಿ ಎತ್ತಿದವನಲ್ಲ, ಅಂದು ಎತ್ತಿದ.

"ನನ್ನ ಅಕ್ಕನ ಹೆಸರು ನಿನ್ನ ಬಾಯಲ್ಲಿ ಬರಬಾರದು."

"ನನ್ನ ಹೆಸರು ಎಲ್ಲರ ಬಾಯಲ್ಲೂ ಬರಬಹುದಾ?"

"ಅದು ಬೇರೆ."

"ಹೇಗೆ ಬೇರೆ?"

"ನಿಂಗೊತ್ತು ಹೇಗೆ ಅಂತ."

ಗೊತ್ತಿತ್ತು. ಅಕ್ಕನನ್ನು ತಮ್ಮ ಪ್ರಶ್ನೆ ಮಾಡುವ ಹಾಗಿಲ್ಲ. ಅವಳಿದ್ದ ಕಡೆ ಒರಟು ಮಾತಾಡುವ ಹಾಗಿಲ್ಲ. ಅವಳು ತಪ್ಪು ಮಾಡಿದರೂ ತಲೆ ಬಾಗಬೇಕಾದವನು ಇವನೇ. ಹೆಂಡತಿಗೆ ಅಂಥ ಕಾವಲು ಇಲ್ಲ. ಅವಳನ್ನು ಬಸ್ಸು ಹತ್ತಿಸಿದರೆ ಮುಗಿಯಿತು. ನನಗೆ ಮಕ್ಕಳೂ ಇರಲಿಲ್ಲ. ಒಂದು ಚೀಲಕ್ಕೆ ನನ್ನದೆಲ್ಲ ಹಿಡಿಯುತ್ತಿತ್ತು. ಆ ಮನೆಯನ್ನು ನಾನು ಪ್ರೀತಿಸುತ್ತಿದ್ದೆ. ಅತ್ತೆಯ ಬೈಗುಳ ಸಹಿತ ಪ್ರೀತಿಸುತ್ತಿದ್ದೆ. ಮಾಡದ ತಪ್ಪಿಗೆ ಅದನ್ನು ಬಿಟ್ಟು ಹೋಗಬೇಕಾಗಿತ್ತು.

ಮೂರನೆಯ ವಾರ ಉಳಿದಿದ್ದ ಕೆಲಸ ಬಾಳೆಯ ತೋಟದ ಕಳೆ ಒಂದೇ. ಯಾರೂ ಕಿತ್ತುಕೊಳ್ಳಲು ಬಯಸದ ಕೆಲಸ ಅದು. ಬುಧವಾರ ಬೆಳಿಗ್ಗೆ ಅಲ್ಲಿ ಕೂತು ಆ ರೆಕಾರ್ಡಿಂಗನ್ನು ಮತ್ತೆ ಹಾಕಿದೆ. ಹದಿನೈದು ಸಲವಾದರೂ ಕೇಳಿದ್ದೆ, ಪ್ರತಿ ಸಲವೂ ಹೇಳುವವರ ದನಿಯ ಬೆನ್ನು ಹತ್ತಿ. ಪಿಸುದನಿಯಿಂದ ಏನೂ ಗಿಟ್ಟಿರಲಿಲ್ಲ. ಈ ಸಲ ಬೇಸತ್ತು, ಸುಮ್ಮನೆ ಕಥೆ ಕೇಳುವವಳಂತೆ ಕೇಳಿದೆ. "ಅವಳು ಮೂರು ದಿನ ಕೂತಿದ್ದಳು" ಎಂಬಲ್ಲಿ ಪಿಸುದನಿ ನಿಂತಿತು. ನನಗರಿವಿಲ್ಲದೆ "ಔವೇ" ಎಂದೆ.

ಕಥೆ ಕೇಳುವಾಗ ನಾವು ಹಾಕುವ ಹೂಂಕಾರ ಅದು. ಹೂಂಗುಟ್ಟದಿದ್ದರೆ ಕೇಳುವವರು ಮಲಗಿದರೆಂದು ಹೇಳುವವರು ಕಥೆಯನ್ನು ಅಲ್ಲಿಗೇ ಬಿಟ್ಟು ಏಳುತ್ತಾರೆ. ಹುಟ್ಟಿದಾಗಿನಿಂದ ರೂಢಿ. ನಿದ್ದೆಗಣ್ಣಿನಲ್ಲೂ ಬಾಯಿ ತಾನಾಗಿ ಹೇಳುತ್ತದೆ.

ನಾನು "ಔವೇ" ಎಂದಾಗಲೇ ನನ್ನ ಕಿವಿಯೊಳಗೂ ಯಾರೋ ಅದನ್ನೇ ಹೇಳಿದಂತಾಯಿತು. ಹಿಂದಕ್ಕೆ ಹಾಕಿ ಕೇಳಿದೆ. ಬಹಳ ದೂರದಲ್ಲಿ, ಪರದೆಯ ಆಚೆಯಿಂದ ಬಂದ ಹಾಗೆ, ನಿದ್ದೆಯ ಭಾರದ ಒಂದು ಗಂಡುದನಿ. ಪಿಸುಗುಟ್ಟದೆ, ಪೂರ್ತಿ ದನಿಯಲ್ಲೇ. ಹೇಳುವವರು ಅದಕ್ಕೆ ಬೆಚ್ಚಿ ಒಂದು ಕ್ಷಣ ತಡೆದು ಮುಂದುವರಿಸಿದ್ದರು. ಇನ್ನೊಮ್ಮೆ ಕೇಳಿದೆ. ಆ ದನಿಯ ಪಕ್ಕ ನಾಲ್ಕು ವರ್ಷ ಮಲಗಿದ್ದೇನೆ.

ಪೆನಿ ಪರದೆಯಾಚೆ ಮಲಗಿದ್ದು ಹೂಂಗುಟ್ಟಿದ್ದ. ಅಂದರೆ ಹೇಳುತ್ತಿದ್ದದ್ದು ಯಾರೆಂದು ಅವನು ಕೇಳಿಸಿಕೊಂಡಿದ್ದ. ಕಥೆ ಬರುವುದಕ್ಕೆ ಸ್ವಲ್ಪ ಮುಂಚೆ ಒಂದು ವಾರ ನಾನು ತವರಿನಲ್ಲಿದ್ದೆ, ಅತ್ತೆ ಚಿಕ್ಕಮಾವನ ಮನೆಗೆ ಚಾಪೆ ಹೆಣೆಯಲು ಹೋಗಿದ್ದರು. ಆಗ ಮನೆಯಲ್ಲಿದ್ದವರು ಅಕ್ಕ ತಮ್ಮ ಇಬ್ಬರೇ. ಕಳೆಯ ಕುಡುಗೋಲು ಕೈಯಲ್ಲೇ ಇತ್ತು. ಒಂದು ಬಾಳೆಗಿಡ ಕಡಿದು ಹಾಕಿದೆ. ಗೊನೆ ಬಿಟ್ಟ ಗಿಡ, ಅದಕ್ಕೆ ಆಮೇಲೆ ಬೈಸಿಕೊಂಡೆ.

ಆ ಭಾನುವಾರ ಊಟ ಭರ್ಜರಿಯಾಗಿತ್ತು. ಬಿಸಿಗಲ್ಲಿನ ಒಲೆಯಲ್ಲಿ ಬೆಂದ ಜೀಗುಜ್ಜೆ, ಮೀನು, ಕೋಕೋ. ಎಲೆ ಎತ್ತಿದ ಮೇಲೆ ಚಿಕ್ಕಮಾವ ಗಂಟಲು ಸರಿಮಾಡಿಕೊಂಡರು.

"ಪಟ್ಟಕ್ಕೆ ಇನ್ನೊಂದು ವಾರ ಇದೆ. ಊರೋರು ಕೇಳ್ತಿದಾರೆ. ಮನೆಯೋರು ಹೇಳಿದ್ದಲ್ಲ, ಹೊರಗಿಂದ ಬಂದೋಳು ಕಟ್ಟಿ ಹೇಳಿದ ಸುಳ್ಳು ಅಂತ ಸಭೇಲಿ ಹೇಳ್ತೀನಿ. ನೇಸಾ ನಾಳೆ ತವರಿಗೆ ಹೋಗ್ಲಿ. ಎಲ್ಲ ಸರಿಹೋದ್ಮೇಲೆ ನೋಡೋಣ."

"ಪೆನಿ" ಎಂದೆ. "ಹೋಗ್ಲಾ?"

"ಸ್ವಲ್ಪ ದಿನ ಅಷ್ಟೇ" ಎಂದ, ಚಾಪೆಯ ಅಂಚು ಕೀಳುತ್ತ.

ನಾನು ಎದ್ದು ಫೋನನ್ನು ಅತ್ತೆಯ ಮುಂದಿಟ್ಟು, ತಂತಿಯನ್ನು ಅವರ ಎರಡೂ ಕಿವಿಗೆ ಸಿಕ್ಕಿಸಿದೆ. "ಒಂದೇ ಒಂದ್ಸಲ ಕೇಳಿ ಅತ್ತೆ. ಹೇಳೋರನ್ನ ಬಿಡಿ, ಹೂಂಗುಟ್ಟೋರನ್ನ ಕೇಳಿ."

ಅತ್ತೆ ಕಣ್ಣು ಮುಚ್ಚಿ ಕೇಳಿದರು. ಅವರ ತುಟಿ ಕಥೆಯ ಜೊತೆ ಅಲ್ಲಾಡುತ್ತಿತ್ತು, ಮಕ್ಕಳಿಗೆ ಅದನ್ನು ಮೊದಲು ಹೇಳಿದವರು ಅವರೇ ತಾನೇ. ಆ ಜಾಗ ಬಂದಾಗ ಕಣ್ಣು ತೆರೆದು ಮಗನನ್ನು ನೋಡಿದರು. ಆಮೇಲೆ ಮಗಳನ್ನು.

"ಇವನು ಹೂಂಗುಟ್ಟಿದಾನೆ" ಎಂದರು. "ಯಾರ ಕಥೆಗೆ?"

ಪೆನಿ ತಲೆ ಎತ್ತಲಿಲ್ಲ. ಚಿಕ್ಕಮಾವ ಏನೋ ಹೇಳಲು ಹೋದರು, ಅತ್ತೆ ಕೈ ಎತ್ತಿದರು.

"ನಾನೇ ಅಮ್ಮ" ಎಂದಳು ಲಗಿ. "ನಾನೇ ಹೇಳಿ ಕಳಿಸ್ದೆ. ಹೆಸರು ಹೇಳ್ದೆ ಇದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ನನ್ನ ಕ್ಲಾಸಿನ ಮಕ್ಳು ಅವಳ ಚಿತ್ರ ಬರೀತಾರೆ, ಕೋರೆಹಲ್ಲು ಇಟ್ಟು. ಅಪ್ಪ ಒಂದ್ಸಲ ಹೊರಗೆ ಹಾಕಿದ್ರು, ಊರು ದಿನಾ ಹಾಕ್ತಿದೆ. ಅಪ್ಪನ ಪಟ್ಟ ಇವನ ತಲೆಗೆ ಬರೋ ಮುಂಚೆ ಒಂದ್ಸಲ ನಿಜ ಹೇಳ್ಬೇಕು ಅನ್ನಿಸ್ತು."

"ಒಳ್ಳೇದೇ ಮಾಡಿದ್ರಿ ಅಕ್ಕ" ಎಂದೆ. "ಐವತ್ತು ವರ್ಷದ ಹಿಂದೆ ಹೊರಗೆ ಹಾಕಿದೋಳಿಗೆ ಅತ್ತಿರಿ. ಮೂರು ವಾರದಿಂದ ನನ್ನ ಹಾಕ್ತಿದಾರಲ್ಲ, ಬೀಗದ ಕೈ ಕೊರಳಿಗೆ ಹಾಕ್ಕೊಂಡು ನೋಡ್ತಾ ಇದ್ರಲ್ಲ."

ಲಗಿಯ ಮುಖ ಸುಣ್ಣವಾಯಿತು. ಬೀಗದ ಕೈ ತೆಗೆದು ಚಾಪೆಯ ಮೇಲಿಟ್ಟಳು. ಚಿಕ್ಕಮಾವನಿಗೆ ಮಾತ್ರ ನಿರಾಳವಾಗಿತ್ತು. ಮಗಳ ಮೇಲೆ ತಪ್ಪು ಹೊರಿಸುವ ಹಾಗಿಲ್ಲ, ಅಂದ ಮೇಲೆ ತಪ್ಪೇ ಇಲ್ಲ.

"ಸರಿ, ಇದು ಇಲ್ಲಿಗೇ ಮುಗೀಲಿ. ಯಾರೂ ಏನೂ ಹೇಳಿಲ್ಲ. ನೇಸಾ, ನೀನೂ ಎಲ್ಲಿಗೂ ಹೋಗ್ಬೇಕಾಗಿಲ್ಲ. ಕೋಕೋ ತಣ್ಣಗಾಗಿದೆ, ಬಿಸಿ ಮಾಡ್ಕೊಂಡು ಬಾಮ್ಮ."

ಕೆಲಸ ವಾಪಸ್ಸು ಸಿಕ್ಕಿತ್ತು. ನಾನು ಕೋಕೋ ಬಿಸಿ ಮಾಡಿ ತಂದಿಟ್ಟೆ. ಮರುದಿನ ಬೆಳಿಗ್ಗೆ ಚೀಲ ತೆಗೆದುಕೊಂಡು ಮೊದಲ ಬಸ್ಸು ಹತ್ತಿದೆ. ಅತ್ತೆ ರಸ್ತೆಯವರೆಗೆ ಬಂದರು.

"ತೌಸಲಾನ ಹೊರಗೆ ಹಾಕಿದಾಗ ನಾನು ಹೊಸ ಸೊಸೆ" ಎಂದರು. "ನಾಲ್ಕು ತಿಂಗಳಾಗಿತ್ತು ಬಂದು. ಬಾಯಿ ಬಿಟ್ರೆ ನನ್ನೂ ಹಾಕ್ತಾರೆ ಅಂತ ಸುಮ್ನಿದ್ದೆ."

"ಈಗ ನೀವು ಸೊಸೆ ಅಲ್ಲ ಅತ್ತೆ."

ಅವರು ಬಸ್ಸು ತಿರುಗುವವರೆಗೂ ಅಲ್ಲೇ ನಿಂತಿದ್ದರು.

ವಾರ ಕಳೆಯುವಷ್ಟರಲ್ಲಿ ವಲೇನಿಯ ಫೋನು ಬಂತು. ಪಟ್ಟದ ದಿನ ಮುಂದಕ್ಕೆ ಹೋಗಿದೆ. ಪಟ್ಟಕ್ಕೆ ಕೊಡಬೇಕಾದ ನಯವಾದ ಚಾಪೆಗಳೆಲ್ಲ ಅತ್ತೆಯವು, ವರ್ಷಗಟ್ಟಲೆ ಕೂತು ಹೆಣೆದವು. ಚಾಪೆ ಹೊರಗೆ ಬರದೆ ಪಟ್ಟವಿಲ್ಲ. ಸೊಸೆ ಹೇಳುವವರೆಗೆ ಪೆಟ್ಟಿಗೆ ತೆರೆಯುವುದಿಲ್ಲ ಎಂದು ಅತ್ತೆ ಅದರ ಮೇಲೆ ಕೂತುಬಿಟ್ಟಿದ್ದಾರಂತೆ. "ನಿಮ್ಮ ಚಿಕ್ಕಮಾವ ಕೆಂಡ ಆಗಿದಾರೆ ಕಣೇ" ಎಂದು ನಕ್ಕಳು. ನನಗೂ ನಗು ಬಂತು, ಅದರ ಹಿಂದೆಯೇ ಅಳು.

ಸೋಮವಾರ ಬೆಳಕು ಹರಿಯುವಾಗ ಅಪ್ಪ ನನ್ನನ್ನು ಎಬ್ಬಿಸಿದ. ಮನೆಯ ಮುಂದಿನ ಹುಲ್ಲಿನ ಮೇಲೆ, ಯಾರಿಂದಲೋ ಎರವಲು ತಂದ ಒಂದು ನಯವಾದ ಚಾಪೆ ಹೊದ್ದು ಇಬ್ಬರು ತಲೆ ತಗ್ಗಿಸಿ ಕೂತಿದ್ದರು. ತಪ್ಪೊಪ್ಪಿಕೊಳ್ಳಲು ಹಾಗೆ ಬರುತ್ತಾರೆ; ಮನೆಯವರು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಕೊಲೆಯಂಥ ದೊಡ್ಡ ತಪ್ಪಿಗೆ ಗಂಡಸರು ಬರುವುದು. ಹೆಂಡತಿಗಾಗಿ ಯಾರೂ ಬಂದದ್ದನ್ನು ನಾನು ಕಂಡಿಲ್ಲ. ಚಾಪೆಯಡಿಯಿಂದ ಇಣುಕುತ್ತಿದ್ದ ಕಾಲುಗಳಲ್ಲಿ ಎರಡು ಹೆಂಗಸಿನವು. ತಮ್ಮನ ಪಕ್ಕ ಅಕ್ಕ ಹಾಗೆ ಕೂರುವುದನ್ನಂತೂ ಊರಿನ ಮುದುಕಿಯರೂ ಕಂಡಿರಲಿಲ್ಲ. ಬೇಲಿಯಾಚೆ ಆಗಲೇ ಜನ ಸೇರಿದ್ದರು. ಸೂರ್ಯ ಏರಿದ.

"ಎತ್ಲಾ ಚಾಪೆ?" ಅಪ್ಪ ಕೊನೆಗೆ ಕೇಳಿದ. "ನೀನೇ ಹೇಳ್ಬೇಕು."

ನಾನು ಹುಲ್ಲಿಗಿಳಿದೆ. ಲಗಿಯ ಕಡೆಯ ಅಂಚು ಎತ್ತಿ, "ಅಕ್ಕ, ಏಳಿ. ನೀವು ಬಾಯಿ ಬಿಟ್ಟಿದೀರಿ" ಎಂದೆ. ಅವಳು ಬೆವರಿ ತೊಪ್ಪೆಯಾಗಿದ್ದಳು. ನನ್ನ ಕೈ ಹಿಡಿದು ಎದ್ದಳು, ಬಿಡಲಿಲ್ಲ. ಚಾಪೆ ಪೆನಿಯ ಮೇಲೆ ಮತ್ತೆ ಬಿತ್ತು.

ಚಾಪೆಯಡಿ ಕೂತವರು ಮಾತಾಡಬಾರದು, ಎತ್ತಿದ ಮೇಲೆಯೇ ಮಾತು. ಪೆನಿ ಅದನ್ನು ಮುರಿದ.

"ನಂಗೊತ್ತಿತ್ತು" ಎಂದ ಒಳಗಿನಿಂದ.

"ಏನು?"

"ನೀನಲ್ಲ ಅಂತ. ಮೊದಲ್ನೇ ದಿನದಿಂದ."

"ಬೇಲಿ ಹತ್ರ ಇರೋರಿಗೆ ಕೇಳಿಸ್ಲಿಲ್ಲ."

ಅವನು ಇನ್ನೊಮ್ಮೆ ಹೇಳಿದ, ಗಟ್ಟಿಯಾಗಿ, ಅಳುತ್ತ. ಬೇಲಿಯ ಹತ್ತಿರ ಒಬ್ಬರು ನಕ್ಕರು, ಉಳಿದವರು ಅವರನ್ನು ಗದರಿದರು. ನಾನು ಚಾಪೆ ಎತ್ತಿದೆ. ಅಪ್ಪ ಒಳಗೆ ಕರೆದ, ಭಾಷಣವಾಯಿತು, ಅಮ್ಮ ಊಟ ಬಡಿಸಿದಳು. ಪೆನಿ ಉಂಡದ್ದು ಕಡಿಮೆ. ನನ್ನ ಮುಖವನ್ನೇ ನೋಡುತ್ತಿದ್ದ.

"ಮೂರು ಗಂಟೆ ಬಸ್ಸಿಗೆ ಹೊರಡೋಣ?" ಎಂದ.

ಅವನು ಅತ್ತಿದ್ದು ನಿಜ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವನು ಬಂದದ್ದು ನನಗಾಗಿಯೋ, ಅತ್ತೆ ಕೂತ ಪೆಟ್ಟಿಗೆಗಾಗಿಯೋ? ಆ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನ ಪಕ್ಕ ಮಲಗಲಾರೆ. ಅವರೆದುರಿಗೇ ಅತ್ತೆಗೆ ಫೋನು ಮಾಡಿದೆ.

"ಅತ್ತೆ, ಪೆಟ್ಟಿಗೆ ತೆಗೀರಿ. ಚಾಪೆ ಕೊಡಿ. ಪಟ್ಟ ಆಗ್ಲಿ."

"ನೀನು ಬರ್ತಿದೀಯಾ?"

"ಇಲ್ಲ ಅತ್ತೆ."

ಫೋನು ಇಟ್ಟು ಗಂಡನ ಕಡೆ ತಿರುಗಿದೆ. "ಈಗ ನಿಂಗೆ ನನ್ನಿಂದ ಆಗ್ಬೇಕಾದ್ದು ಏನೂ ಇಲ್ಲ. ಪಟ್ಟ ಹೊತ್ಕೋ. ಆಮೇಲೂ ನನ್ನ ಕರ್ಕೊಂಡು ಹೋಗ್ಬೇಕು ಅನ್ನಿಸಿದ್ರೆ ಬಾ. ಆಗ ನಂಬ್ತೀನಿ."

ಮೂರು ಗಂಟೆಯ ಬಸ್ಸನ್ನು ಅಕ್ಕ ತಮ್ಮ ಇಬ್ಬರೇ ಹತ್ತಿದರು.